ನಾಮವೂ ರುಚಿಯೂ

ಮನುಷ್ಯನು ತನ್ನದೆಂದು ಹೇಳಿಕೊಳ್ಳುವ ವಸ್ತುಗಳಲ್ಲಿ ಮನೆ, ಹೊಲ, ಹಣ ಇವೆಲ್ಲವೂ ಒಂದಲ್ಲ ಒಂದು ದಿನ ಪರರ ವಶವಾಗಬಹುದೆಂಬುದನ್ನು ಅವನು ಬಲ್ಲನು. ಆದರೆ ತನ್ನ ನಾಲಗೆಯ ರುಚಿಯು ಮಾತ್ರ ತನಗೇ ಸೇರಿದುದು, ಅದನ್ನು ಯಾರೂ ಕೊಟ್ಟದ್ದಲ್ಲ, ಯಾರೂ ಕಸಿಯಲಾರರು ಎಂದು ಅವನ ದೃಢವಾದ ನಂಬಿಕೆ. ರುಚಿಯ ವಿಷಯದಲ್ಲಿ ವಾದಿಸಿ ಫಲವಿಲ್ಲವೆಂದು ತಿಳಿದವರೂ ಹೇಳುವುದುಂಟು. ಒಬ್ಬನಿಗೆ ಹುಳಿ ಬೇಕು, ಮತ್ತೊಬ್ಬನಿಗೆ ಖಾರ ಬೇಕು, ಇಬ್ಬರೂ ಸರಿಯೇ. ಈ ನಂಬಿಕೆಯು ಎಷ್ಟರ ಮಟ್ಟಿಗೆ ನಿಜ? ಇಷ್ಟವೆಂಬುದು ಇಷ್ಟಪಡುವವನಲ್ಲಿ ಹುಟ್ಟುತ್ತದೆಯೋ, ಅಥವಾ ಹೊರಗಿನಿಂದ ಬಂದು ಅವನಲ್ಲಿ ಮನೆಮಾಡಿಕೊಂಡು, ಕಾಲಕ್ರಮದಲ್ಲಿ ಯಜಮಾನನಂತೆ ಕುಳಿತುಬಿಡುತ್ತದೆಯೋ? ಈ ಪ್ರಶ್ನೆಯನ್ನು ದೊಡ್ಡ ವಸ್ತುಗಳಲ್ಲಿ ಪರೀಕ್ಷಿಸುವುದಕ್ಕಿಂತ ಒಂದು ಅಲ್ಪವಸ್ತುವಿನಲ್ಲಿ ಪರೀಕ್ಷಿಸುವುದು ಸುಲಭ. ಅಂತಹ ಅಲ್ಪವಸ್ತುವೆಂದರೆ, ಆಗೊಮ್ಮೆ ಈಗೊಮ್ಮೆ ಬೀರು ಕುಡಿಯುವವನು "ನನಗೆ ಇಂಥದೇ ಆಗಬೇಕು" ಎಂದು ಹೇಳುವ ಮಾತು.

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಬೀರಿನ ಮಾತೇಕೆಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಆದರೆ ಇದು ಇಂದು ಬೀದಿಯ ಕೊನೆಯ ಅಂಗಡಿಯಲ್ಲಿ ಮಾತ್ರ ನಿಂತಿರುವ ಸಂಗತಿಯಲ್ಲ. ವಿದ್ಯಾವಂತರ ಮನೆಗಳಲ್ಲಿಯೂ ಮದುವೆಯ ಹಿಂದಿನ ರಾತ್ರಿ, ಬಡ್ತಿಯ ಸಂತೋಷ, ಗೆಳೆಯನ ಬೀಳ್ಕೊಡುಗೆ ಎಂಬ ನೆಪಗಳಲ್ಲಿ ಅದು ಬಾಗಿಲೊಳಗೆ ಬಂದಿದೆ. ಹಿರಿಯರು ಕಂಡೂ ಕಾಣದಂತೆ ಇರುತ್ತಾರೆ. ಕಿರಿಯರು ಬಚ್ಚಿಟ್ಟಂತೆ ಮಾಡಿ ಬಚ್ಚಿಡದೆ ಇರುತ್ತಾರೆ. ಮಾತನಾಡದೆ ಇರುವುದರಿಂದ ಧರ್ಮವು ಉಳಿಯುವುದಾಗಿದ್ದರೆ ಶಾಸ್ತ್ರಗಳು ಹುಟ್ಟಬೇಕಾಗಿಯೇ ಇರಲಿಲ್ಲ.

ದೃಷ್ಟಾಂತಕ್ಕಾಗಿ ಒಬ್ಬ ತರುಣನನ್ನು ಭಾವಿಸಿಕೊಳ್ಳಬಹುದು. ಅವನ ಮನೆ ತಿರುಮಕೂಡಲು ನರಸೀಪುರದ ಕಡೆಯ ಒಂದು ಹಳ್ಳಿ. ಉದ್ಯೋಗ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ. ತಂದೆಯ ಕಾಲಕ್ಕೆ ಭತ್ತದ ಗದ್ದೆ, ಕಬ್ಬು. ಅವನ ಕಾಲಕ್ಕೆ ತಿಂಗಳ ಸಂಬಳ. ತಿಂಗಳಿಗೆ ಒಂದೆರಡು ಶನಿವಾರ ಸಂಜೆ ಗೆಳೆಯರೊಡನೆ ಕುಳಿತುಕೊಳ್ಳುತ್ತಾನೆ. ಅಂಗಡಿಯವನು "ಏನಪ್ಪಾ, ಯಾವುದು ಕೊಡಲಿ?" ಎಂದರೆ ಅವನು "ಅದೇ ಅಣ್ಣ, ಮಾಮೂಲಿದು" ಎನ್ನುತ್ತಾನೆ. ಗೆಳೆಯನೊಬ್ಬನು ಬೇರೊಂದು ಹೆಸರನ್ನು ಹೇಳಿದರೆ ನಗೆಚಾಟಿಕೆ ನಡೆಯುತ್ತದೆ. ನಿನ್ನದು ನೀರು, ನನ್ನದೇ ನಿಜವಾದದ್ದು ಎಂಬ ವಾದವು ಒಂದು ಗಳಿಗೆಯ ಕಾಲ ಬಿಸಿಯಾಗಿ ಸಾಗುತ್ತದೆ. ಅವನು ಕುಡುಕನಲ್ಲ, ಸಾಲ ಮಾಡಿದವನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಅವನನ್ನು ದುರ್ಮಾರ್ಗಿಯೆಂದು ಕರೆಯುವುದು ಅನ್ಯಾಯ. ಆದರೆ ಅವನ ಬಾಯಿಂದ ಬಂದ "ಮಾಮೂಲಿ" ಎಂಬ ಆ ಒಂದು ಮಾತು ವಿಚಾರಕ್ಕೆ ಯೋಗ್ಯವಾದದ್ದು.

ಇಲ್ಲಿ ಎರಡು ಪೂರ್ವಪಕ್ಷಗಳು ಏಳುತ್ತವೆ. ಮೊದಲನೆಯವರು ಹೇಳುವರು: ಮದ್ಯವೆಲ್ಲವೂ ಮದ್ಯವೇ, ವಿಷದಲ್ಲಿ ಸಿಹಿ ವಿಷ, ಕಹಿ ವಿಷ ಎಂಬ ಭೇದವನ್ನೆಣಿಸುವುದು ವ್ಯರ್ಥ, ಆದಕಾರಣ ಯಾವುದು ಇಷ್ಟವೆಂಬ ಪ್ರಶ್ನೆಯೇ ಏಳಕೂಡದು. ಎರಡನೆಯವರು ಹೇಳುವರು: ಪ್ರಾಯಕ್ಕೆ ಬಂದವನು ತನ್ನ ದುಡ್ಡಿನಿಂದ, ತನ್ನ ಬಿಡುವಿನಲ್ಲಿ, ಯಾರಿಗೂ ಕೇಡಾಗದಂತೆ ಒಂದು ಲೋಟ ಕುಡಿದರೆ ಅದರಲ್ಲಿ ಧರ್ಮಾಧರ್ಮಗಳ ಮಾತೇನು? ಅದು ಅವನ ರುಚಿ. ಈ ಎರಡು ಪಕ್ಷಗಳೂ ಒಂದಕ್ಕೊಂದು ವಿರೋಧವಾಗಿ ಕಂಡರೂ ಒಂದು ವಿಷಯದಲ್ಲಿ ಏಕಮತವಾಗಿವೆ. ಇಬ್ಬರೂ ಇಷ್ಟವೆಂಬುದನ್ನು ಪರೀಕ್ಷಿಸದೆ ಬಿಟ್ಟುಬಿಡುತ್ತಾರೆ. ಒಬ್ಬರು ಅದನ್ನು ಅಸ್ಪೃಶ್ಯವೆಂದು, ಮತ್ತೊಬ್ಬರು ಪೂಜ್ಯವೆಂದು. ಪರೀಕ್ಷೆಯೇ ಇಲ್ಲಿ ಆಗಬೇಕಾದ ಕೆಲಸ.

ಮೊದಲು ವಸ್ತುವೇನೆಂಬುದನ್ನು ತಿಳಿಯಬೇಕು. ಈ ಸೀಮೆಯ ಪ್ರತಿಯೊಬ್ಬ ಗೃಹಿಣಿಗೂ ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿ ಎಳೆಯ ಮಗುವಿಗೆ ಸರಿ ಕಾಯಿಸುವ ಕ್ರಮ ಗೊತ್ತು. ಮೊಳಕೆಯೊಡೆದ ಧಾನ್ಯವು ಸಿಹಿಯಾಗುತ್ತದೆ. ಏಕೆಂದರೆ ಧಾನ್ಯದೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವವು ಆಗ ಎಚ್ಚರಗೊಳ್ಳುತ್ತದೆ. ಬೀರಿನ ಮೊದಲ ಹೆಜ್ಜೆಯೂ ಇದೇ. ರಾಗಿಯ ಬದಲು ಜವೆಗೋಧಿಯನ್ನು, ಎಂದರೆ ಬಾರ್ಲಿಯನ್ನು, ಮೊಳೆಯಿಸಿ ಒಣಗಿಸಿ ನುಚ್ಚು ಮಾಡಿ ಬಿಸಿನೀರಿನಲ್ಲಿ ಕಲಸುತ್ತಾರೆ. ಬಂದ ಸಿಹಿ ರಸವನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ ಕಹಿಯನ್ನೂ ಗಂಧವನ್ನೂ ಕೂಡಿಸುತ್ತಾರೆ. ತಣಿಸಿ, ಈಸ್ಟನ್ನು ಬೆರಸಿ, ತಣ್ಣನೆಯ ತೊಟ್ಟಿಗಳಲ್ಲಿ ಹುದುಗಲು ಬಿಡುತ್ತಾರೆ. ಈಸ್ಟು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅಂಗಾರಾಮ್ಲ ವಾಯುವನ್ನೂ ಬಿಡುತ್ತದೆ. ಹೀಗೆ ಒಂದೇ ವಿದ್ಯೆಯು ಒಂದು ಕವಲಿನಲ್ಲಿ ತೊಟ್ಟಿಲಿನ ಕಡೆಗೂ ಮತ್ತೊಂದು ಕವಲಿನಲ್ಲಿ ಸೀಸೆಯ ಕಡೆಗೂ ಹೋಗುತ್ತದೆ. ಧಾನ್ಯದಲ್ಲಿ ದೋಷವಿಲ್ಲ, ಮೊಳಕೆಯಲ್ಲಿ ದೋಷವಿಲ್ಲ. ಕವಲಿನಲ್ಲಿ ಯಾವ ದಾರಿಯನ್ನು ಹಿಡಿಯಲಾಯಿತೆಂಬುದರಲ್ಲಿ ಮಾತ್ರ ಮನುಷ್ಯನ ಹೊಣೆಯಿದೆ.

ಬಾರ್ಲಿಯು ಮೈಸೂರು ಸೀಮೆಯ ಬೆಳೆಯಲ್ಲ. ಅದು ರಾಜಸ್ಥಾನ, ಹರಿಯಾಣ, ಉತ್ತರ ಪ್ರದೇಶದ ಕಡೆಯ ಹೊಲಗಳದು. ಹಾಪ್ಸ್ ಹೂವು ಬಹುಮಟ್ಟಿಗೆ ಜರ್ಮನಿ, ಅಮೆರಿಕ ಮೊದಲಾದ ಶೀತದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಸೀಸೆಯೊಳಗಿನ ದ್ರವದಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚಾಗಿರುವುದು ನೀರು. ಇಲ್ಲಿನದೆಂದು ಹೇಳಬಹುದಾದದ್ದು ಆ ನೀರೊಂದೇ. ನಂಜನಗೂಡು ತಾಲ್ಲೂಕಿನ ಕೈಗಾರಿಕಾ ಪ್ರದೇಶದಲ್ಲಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯ ಬೀರು ಕಾರ್ಖಾನೆಯೊಂದುಂಟು. ಆದಕಾರಣ ನರಸೀಪುರದ ತರುಣನು ದೂರದೇಶದ ಪಾನೀಯವೆಂದು ಭಾವಿಸಿ ಕುಡಿಯುವುದು ತನ್ನ ಮೇಲ್ದೆಸೆಯ ಕಪಿಲೆಯ ಸೀಮೆಯ ನೀರೇ ಆಗಿರಬಹುದು. ಸೀಸೆಯ ಕೆಳಗಡೆ ಚಿಕ್ಕ ಅಕ್ಷರದಲ್ಲಿ ತಯಾರಾದ ಊರು ಅಚ್ಚಾಗಿರುತ್ತದೆ. ಅದನ್ನು ಓದುವವರು ವಿರಳ. ದೊಡ್ಡ ಅಕ್ಷರದ ಹೆಸರನ್ನು ಮಾತ್ರ ಎಲ್ಲರೂ ಓದುತ್ತಾರೆ.

ಆ ದೊಡ್ಡ ಅಕ್ಷರದ ಹೆಸರಿಗೆ ಒಂದು ಚರಿತ್ರೆಯಿದೆ. ನೀಲಗಿರಿಯಲ್ಲಿ 1857ರಲ್ಲಿ ಕ್ಯಾಸಲ್ ಬ್ರೂವರಿ ಸ್ಥಾಪಿತವಾಯಿತು. ಬೆಂಗಳೂರಿನಲ್ಲಿ 1885ರಲ್ಲಿ ಮತ್ತೊಂದು. ದಂಡಿನ ಗೋರಾ ಸಿಪಾಯಿಗಳ ದಾಹವೇ ಇವುಗಳ ಮುಖ್ಯ ಆಶ್ರಯವಾಗಿತ್ತು. ಇಂತಹ ಐದು ಕಾರ್ಖಾನೆಗಳನ್ನು 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಎಂದು ಹೆಸರಿಟ್ಟನು. 1947ರಲ್ಲಿ ವಿಟ್ಠಲ ಮಲ್ಯರು ಅದರ ನಿರ್ದೇಶಕ ಮಂಡಲಿಯನ್ನು ಸೇರಿ ಮರುವರ್ಷ ಅಧ್ಯಕ್ಷರಾದರು. 1978ರಲ್ಲಿ ಕಿಂಗ್‌ಫಿಷರ್ ಎಂಬ ಹೆಸರಿನ ಬೀರು ಮಾರುಕಟ್ಟೆಗೆ ಬಂದು ದೇಶದಲ್ಲೆಲ್ಲ ಹರಡಿತು. 2021ರಲ್ಲಿ ಸಂಸ್ಥೆಯ ಬಹುಭಾಗದ ಒಡೆತನವು ಹಾಲೆಂಡಿನ ಹೈನೆಕನ್ ಕಂಪೆನಿಯ ಕೈಸೇರಿತು. ಕಿಂಗ್‌ಫಿಷರ್ ಎಂದರೆ ಕನ್ನಡದ ಮಿಂಚುಳ್ಳಿ. ಹೊಳೆಯ ಮೇಲೆ ಬಾಗಿದ ಕೊಂಬೆಯಿಂದ ನೀಲಿ ಮಿಂಚಿನಂತೆ ನೀರಿಗೆರಗಿ ಮೀನನ್ನೆತ್ತುವ ಆ ಹಕ್ಕಿ ಈ ಸೀಮೆಯ ಹೊಳೆದಡಗಳ ನಿವಾಸಿ. ಆದರೆ ಇಂದಿನ ಎಷ್ಟೋ ಹುಡುಗರು ಹಕ್ಕಿಯನ್ನು ಕೊಂಬೆಯ ಮೇಲೆ ನೋಡುವ ಮೊದಲೇ ಸೀಸೆಯ ಮೇಲೆ ನೋಡಿರುತ್ತಾರೆ.

ಇತರ ಹೆಸರುಗಳ ಕಥೆಯೂ ಹೀಗೆಯೇ. ನಾಕ್ ಔಟ್ ಎಂಬುದು ಮೊದಲು ಮೈಸೂರು ಬ್ರೂವರೀಸ್ ಎಂಬ ಬೆಂಗಳೂರಿನ ಸಂಸ್ಥೆಯದು, ಹೇವರ್ಡ್ಸ್ 5000 ಬೇರೊಬ್ಬರದು, ಬಡ್‌ವೈಸರ್ ಅಮೆರಿಕದ್ದು. ಮೊದಲಿನ ಎರಡನ್ನೂ ದಕ್ಷಿಣ ಆಫ್ರಿಕಾ ಮೂಲದ ಕಂಪೆನಿಯೊಂದು ಕೊಂಡಿತು. ಆ ಕಂಪೆನಿಯನ್ನು 2016ರಲ್ಲಿ ಬಡ್‌ವೈಸರಿನ ಒಡೆಯರಾದ ಬೆಲ್ಜಿಯಂ ಮೂಲದವರು ಕೊಂಡರು. ಹೀಗಾಗಿ ಒಂದೇ ಮೇಜಿನ ಸುತ್ತ ಕುಳಿತು ಮೂವರು ಗೆಳೆಯರು ಮೂರು ಹೆಸರುಗಳಿಗಾಗಿ ವಾದಿಸಿದರೆ, ಮೂವರ ದುಡ್ಡೂ ಒಂದೇ ಪೆಟ್ಟಿಗೆಗೆ ಹೋಗಿ ಬೀಳುವ ಸಂಭವವುಂಟು. ಇತ್ತ ಕಿಂಗ್‌ಫಿಷರ್, ಕಲ್ಯಾಣಿ ಬ್ಲ್ಯಾಕ್ ಲೇಬಲ್, ಬುಲೆಟ್ ಎಂಬ ಹೆಸರುಗಳೂ ಒಂದೇ ಮನೆತನದ ಮಕ್ಕಳು. ಒಂದೇ ಮನೆಯಿಂದ ಹಲವು ಹೆಸರುಗಳು ಹೊರಡುತ್ತವೆ. ಒಂದೇ ಹೆಸರು ಹಲವು ಊರುಗಳ ಹಲವು ನೀರುಗಳ ಮೇಲೆ ಅಂಟುತ್ತದೆ. ಹಾಗಾದರೆ ಇಷ್ಟಪಟ್ಟದ್ದು ಯಾವುದನ್ನು?

ನ್ಯಾಯಶಾಸ್ತ್ರದಲ್ಲಿ ಪ್ರತ್ಯಕ್ಷವನ್ನು ನಿರ್ವಿಕಲ್ಪಕ, ಸವಿಕಲ್ಪಕ ಎಂದು ಎರಡಾಗಿ ವಿಭಾಗಿಸಿದ್ದಾರೆ. ಹೆಸರು, ಜಾತಿ, ಗುಣ ಎಂಬ ವಿಶೇಷಣಗಳು ಯಾವುವೂ ಸೇರದೆ ವಸ್ತುವು ಇಂದ್ರಿಯಕ್ಕೆ ತೋರುವುದು ಮೊದಲನೆಯದು. ಇದು ಇಂಥದು, ಇದರ ಹೆಸರು ಇಂಥದೆಂದು ತಿಳಿಯುವುದು ಎರಡನೆಯದು. ಮೊದಲು ವಸ್ತುವಿನ ಸಂಬಂಧ, ಆಮೇಲೆ ಹೆಸರಿನ ಯೋಜನೆ; ಇದೇ ಕ್ರಮ. ಆದರೆ ಮಾರುಕಟ್ಟೆಯ ವಸ್ತುಗಳಲ್ಲಿ ಕ್ರಮವು ತಲೆಕೆಳಗಾಗುತ್ತದೆ. ಹೆಸರು ಮೊದಲು ಮನಸ್ಸಿಗೆ ಬರುತ್ತದೆ, ವಸ್ತುವು ಆಮೇಲೆ ನಾಲಗೆಗೆ ಬರುತ್ತದೆ. ನಾಲಗೆಯು ಹೆಸರನ್ನೇ ರುಚಿನೋಡುತ್ತದೆ.

ಇದು ಕೇವಲ ತರ್ಕದ ಮಾತಲ್ಲ. ಅಮೆರಿಕದಲ್ಲಿ ಆಲಿಸನ್ ಮತ್ತು ಉಹ್ಲ್ ಎಂಬ ಇಬ್ಬರು ಈ ವಿಷಯದಲ್ಲಿ ಒಂದು ಪ್ರಯೋಗವನ್ನು ನಡೆಸಿ 1964ರಲ್ಲಿ ಪ್ರಕಟಿಸಿದರು. ವಾರಕ್ಕೆ ಮೂರು ಸಲಕ್ಕಾದರೂ ಬೀರು ಕುಡಿಯುವ ಅಭ್ಯಾಸವಿದ್ದ ಮುನ್ನೂರಕ್ಕಿಂತ ಹೆಚ್ಚು ಮಂದಿಗೆ ಹೆಸರಿನ ಚೀಟಿಯನ್ನು ತೆಗೆದುಹಾಕಿದ ಸೀಸೆಗಳನ್ನು ಕೊಟ್ಟು ಅಭಿಪ್ರಾಯವನ್ನು ಕೇಳಿದರು. ಒಟ್ಟಿನಲ್ಲಿ ಆ ಜನರಿಗೆ ಒಂದಕ್ಕೂ ಮತ್ತೊಂದಕ್ಕೂ ಇರುವ ಭೇದ ತಿಳಿಯಲಿಲ್ಲ. ತಮ್ಮ ಮೆಚ್ಚಿನದನ್ನು ಅವರು ಉಳಿದವಕ್ಕಿಂತ ಮೇಲೆಂದು ಎಣಿಸಲೂ ಇಲ್ಲ. ಒಂದು ವಾರದ ಬಳಿಕ ಹೆಸರುಗಳನ್ನು ಅಂಟಿಸಿ ಕೊಟ್ಟಾಗ ತಮ್ಮ ತಮ್ಮ ಮೆಚ್ಚಿನದಕ್ಕೆ ಹೆಚ್ಚು ಅಂಕಗಳನ್ನು ಕೊಟ್ಟರು. ದ್ರವವು ಬದಲಾಗಲಿಲ್ಲ, ಕಾಗದದ ತುಣುಕೊಂದು ಬಂದು ಸೇರಿತು, ಅಷ್ಟೇ. ನಿತ್ಯದ ಅಭ್ಯಾಸಿಗಳ ಗತಿಯೇ ಹೀಗಾದರೆ, ತಿಂಗಳಿಗೊಮ್ಮೆ ಕುಡಿಯುವವನು ತನ್ನ ನಾಲಗೆಯ ಸೂಕ್ಷ್ಮತೆಯನ್ನು ಕುರಿತು ಹೆಮ್ಮೆಪಡುವುದಕ್ಕೆ ಆಧಾರವೆಲ್ಲಿದೆ?

ಹೆಸರು ಮನಸ್ಸನ್ನು ಹೇಗೆ ಹೊಕ್ಕಿತೆಂಬುದೂ ಗಮನಾರ್ಹವಾದದ್ದು. ಮದ್ಯದ ಜಾಹೀರಾತನ್ನು ದೂರದರ್ಶನ ವಾಹಿನಿಗಳಲ್ಲಿ ತೋರಿಸಕೂಡದೆಂದು ಭಾರತದಲ್ಲಿ ನಿಯಮವಿದೆ. ಆದರೂ ಹೆಸರುಗಳು ಪ್ರಚಾರದಲ್ಲಿ ಹಿಂದೆ ಬಿದ್ದಿಲ್ಲ. ಅವು ಕುಡಿಯುವ ನೀರಿನ ಸೀಸೆಯಾಗಿ ಬಂದುವು, ಸೋಡಾ ಆಗಿ ಬಂದುವು, ಗೋಡೆಯ ಪಂಚಾಂಗವಾಗಿ ಬಂದುವು. ಒಂದು ಹೆಸರು 2005ರಿಂದ 2012ರವರೆಗೆ ವಿಮಾನವಾಗಿ ಆಕಾಶದಲ್ಲಿ ಹಾರಿತು. ಬೆಂಗಳೂರಿನ ಕ್ರಿಕೆಟ್ ತಂಡವೊಂದಕ್ಕೆ 2008ರಲ್ಲಿ ಒಂದು ವಿಸ್ಕಿಯ ಹೆಸರೇ ಬಂದು, ಇಂದು ಹಾಲು ಕುಡಿಯುವ ಮಕ್ಕಳೂ ಅದನ್ನು ಕೂಗುತ್ತಾರೆ. ಹೀಗೆ ಹದಿನೈದು ವರ್ಷ ಹೆಸರನ್ನು ಕೇಳಿ ಬೆಳೆದವನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅಂಗಡಿಯ ಮುಂದೆ ನಿಂತು "ಇದು ನನ್ನ ಆಯ್ಕೆ" ಎನ್ನುತ್ತಾನೆ. ಬಿತ್ತಿದವರು ಬೇರೆ, ಬೆಳೆಯನ್ನು ಕಂಡು ತನ್ನದೆಂದು ಹಿಗ್ಗುವವನು ಇವನು.

ಹೆಸರುಗಳ ಪೈಪೋಟಿಯಾದರೂ ನಿಜವಾದದ್ದೇ ಎಂದು ಕೇಳಬಹುದು. 2021ರ ಸೆಪ್ಟೆಂಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಒಂದು ಆದೇಶವನ್ನು ಹೊರಡಿಸಿತು. ದೇಶದ ಮುಖ್ಯ ಬೀರು ಕಂಪೆನಿಗಳು 2009ರಿಂದ 2018ರವರೆಗೆ ಬೆಲೆಯೇ ಮೊದಲಾದ ವಿಷಯಗಳಲ್ಲಿ ಒಳಗೊಳಗೇ ಒಪ್ಪಂದ ಮಾಡಿಕೊಂಡಿದ್ದುವೆಂದು ಅದರಲ್ಲಿ ನಿರ್ಣಯಿಸಿ, ಯುನೈಟೆಡ್ ಬ್ರೂವರೀಸ್ ಮತ್ತು ಕಾರ್ಲ್ಸ್‌ಬರ್ಗ್ ಸಂಸ್ಥೆಗಳಿಗೆ ಒಟ್ಟು 870 ಕೋಟಿ ರೂಪಾಯಿಗೂ ಮೀರಿದ ದಂಡವನ್ನು ವಿಧಿಸಿತು. ಗುಟ್ಟನ್ನು ಮೊದಲು ತಿಳಿಸಿದ ಕಂಪೆನಿಗೆ ದಂಡದಿಂದ ವಿನಾಯಿತಿ ದೊರೆಯಿತು. 2022ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಲಿಯೂ ಆ ಆದೇಶವನ್ನು ಎತ್ತಿಹಿಡಿಯಿತು. ಅನಂತರ ವ್ಯಾಜ್ಯವು ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಾಲಯಗಳ ಕೊನೆಯ ಮಾತು ಏನೇ ಆಗಲಿ, ವಿಚಾರವಂತನಿಗೆ ಇಷ್ಟು ಸಾಕು. ಮೇಜಿನ ಮೇಲೆ ಗೆಳೆಯರು ಯಾವ ಹೆಸರುಗಳಿಗಾಗಿ ಕಾದಾಡುತ್ತಿದ್ದರೋ, ಆ ಹೆಸರುಗಳ ಒಡೆಯರು ಅದೇ ವರ್ಷಗಳಲ್ಲಿ ಸ್ನೇಹದಿಂದ ಮಾತನಾಡಿಕೊಳ್ಳುತ್ತಿದ್ದರೆಂದು ಆಯೋಗವು ಕಂಡಿತು.

ಸೀಸೆಯ ಮೇಲಿನ ಹೆಸರಿಗಿಂತಲೂ ಅಪಾಯಕರವಾದ ಹೆಸರು ಮತ್ತೊಂದುಂಟು. ಅದು "ಬೀರು ತಾನೇ" ಎಂಬುದು. ಹೆಂಡವಲ್ಲ, ಸಾರಾಯಿಯಲ್ಲ, ಬ್ರಾಂದಿಯಲ್ಲ, ಬೀರು ತಾನೇ ಎಂಬ ಈ ಮಾತಿನಿಂದ ಎಷ್ಟೋ ಮನೆಗಳಲ್ಲಿ ಬಾಗಿಲು ತೆರೆದಿದೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಭಾರತದಲ್ಲಿ ಮಾರಾಟವಾಗುವ ಬೀರಿನಲ್ಲಿ ಬಹುಪಾಲು ಸ್ಟ್ರಾಂಗ್ ಎಂಬ ವರ್ಗದ್ದು. ಅದರಲ್ಲಿ ಮದ್ಯಸಾರವು ನೂರಕ್ಕೆ ಐದಕ್ಕಿಂತ ಹೆಚ್ಚಾಗಿ ಎಂಟರವರೆಗೆ ಇರಬಹುದು. ನೂರಕ್ಕೆ ಏಳು ಎಂದಿಟ್ಟುಕೊಂಡರೆ 650 ಮಿಲಿಲೀಟರಿನ ಒಂದು ದೊಡ್ಡ ಸೀಸೆಯಲ್ಲಿ 45 ಮಿಲಿಲೀಟರಿಗೂ ಮೀರಿದ ಮದ್ಯಸಾರವಿರುತ್ತದೆ. ವಿಸ್ಕಿಯಲ್ಲಿ ಅದು ನೂರಕ್ಕೆ 42.8, ಆದ್ದರಿಂದ 30 ಮಿಲಿಲೀಟರಿನ ಒಂದು ಅಳತೆಯಲ್ಲಿ 13 ಮಿಲಿಲೀಟರಿಗೆ ಸ್ವಲ್ಪ ಕಡಮೆ. ಎಂದರೆ ಒಂದು ಸೀಸೆ ಬೀರು ಅಂತಹ ಮೂರೂವರೆ ಅಳತೆ ವಿಸ್ಕಿಗೆ ಸಮಾನವಾಯಿತು. ಮೂರೂವರೆ ಅಳತೆ ವಿಸ್ಕಿ ಕುಡಿದವನನ್ನು ಅವನ ತಾಯಿ ಕುಡಿದವನೆಂದೇ ಹೇಳುವಳು. ಒಂದು ಸೀಸೆ ಬೀರು ಕುಡಿದ ಮಗನ ವಿಷಯದಲ್ಲಿ "ಏನೋ, ಬೀರು ತಾನೇ" ಎನ್ನುವಳು. ದೇಹಕ್ಕೆ ಈ ಭಾಷೆ ತಿಳಿಯದು. ಮದ್ಯಪಾನೀಯಗಳನ್ನು ಅರ್ಬುದರೋಗಕ್ಕೆ ನಿಶ್ಚಿತವಾದ ಕಾರಣಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಸೇರಿಸಿತು. ಆರೋಗ್ಯಕ್ಕೆ ನಿರಪಾಯಕರವಾದ ಮದ್ಯದ ಪ್ರಮಾಣವೆಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು.

ಈ ಹೆಸರಿನ ಭೇದದಿಂದ ಮತ್ತೊಂದು ಅನ್ಯಾಯವೂ ಹುಟ್ಟಿದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿಯ ಮಾರಾಟವು ನಿಂತಿತು. ಕೂಲಿಯವನು ಅಗ್ಗದ ಬೇರೆ ಮದ್ಯದ ಕಡೆ ತಿರುಗಿದನು. ಅವನಿಗೆ "ಯಾವುದು ಇಷ್ಟ?" ಎಂದು ಯಾರೂ ಕೇಳುವುದಿಲ್ಲ, ಕಿಸೆಯಲ್ಲಿರುವ ಕಾಸೇ ಅವನ ಇಷ್ಟ. ಅವನು ಕುಡಿದರೆ ಕುಡುಕ. ಷರಾಯಿ ತೊಟ್ಟವನು ತಣ್ಣನೆಯ ಕೋಣೆಯಲ್ಲಿ ಅಷ್ಟೇ ಮದ್ಯಸಾರವನ್ನು ಕುಡಿದರೆ ರಸಿಕ. ಕೂಲಿಯವನನ್ನು ಕಂಡು ಮೂಗು ಮುರಿಯುವ ವಿದ್ಯಾವಂತನು ತನ್ನ ಮತ್ತು ಅವನ ನಡುವಣ ಅಂತರವನ್ನು ಅಳೆದು ನೋಡಿದರೆ, ಅದು ಶೀಲದ ಅಂತರವಲ್ಲ, ಸಂಬಳದ ಅಂತರವೆಂದು ಹಲವು ಸಲ ತಿಳಿದೀತು.

ಪ್ರಾಚೀನರು ಈ ವಿಷಯವನ್ನು ಹೇಗೆ ಕಂಡಿದ್ದರು? ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವಿದೆ. ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಗಳನ್ನು ಅಲ್ಲಿ ಎಣಿಸಿದೆ. ಮೊದಲಿನ ಎರಡು ಧಾನ್ಯದಿಂದ ಕಿಣ್ವವನ್ನು ಸೇರಿಸಿ ಮಾಡಿದವು, ಎಂದರೆ ಬೀರಿನ ದೂರದ ನೆಂಟರು. ಶುಚಿಯಾದ ನಡತೆಯವರೆಂದು ಗೊತ್ತಿರುವವರು ಮಾತ್ರ ಸ್ವಲ್ಪ ಪ್ರಮಾಣವನ್ನು ಹೊರಗೆ ಕೊಂಡೊಯ್ಯಬಹುದು. ಉಳಿದವರು ಪಾನಗೃಹದಲ್ಲಿಯೇ ಕುಡಿಯತಕ್ಕದ್ದು. ರಾಜನೀತಿಯು ಇಲ್ಲಿ ಕೇಳಿದ್ದು "ನಿನಗೆ ಯಾವುದು ಇಷ್ಟ" ಎಂಬುದನ್ನಲ್ಲ, "ನೀನು ಎಂಥವನು" ಎಂಬುದನ್ನು. ಚರಕನಾದರೋ ಮದಾತ್ಯಯ ಚಿಕಿತ್ಸೆಯಲ್ಲಿ ಮದದ ಮೂರು ಅವಸ್ಥೆಗಳನ್ನು ವಿವರಿಸಿ, ವಿಧಿಯರಿತು ಸೇವಿಸಿದವನಿಗೆ ಅದು ಅಮೃತಸಮಾನವೆಂದೂ ವಿಧಿಮೀರಿದವನಿಗೆ ವಿಷಸಮಾನವೆಂದೂ ಹೇಳಿದನು. ಮೊದಲನೆಯ ಮಾತನ್ನು ಇಂದಿನ ವೈದ್ಯವು ಒಪ್ಪುವುದಿಲ್ಲ, ಎರಡನೆಯದನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತದೆ. ಮನುವು ಇಂತಹ ಪ್ರವೃತ್ತಿಯು ಪ್ರಾಣಿಗಳಿಗೆ ಸಹಜ, ಆದರೆ ನಿವೃತ್ತಿಯೇ ಮಹಾಫಲವೆಂದನು. ಈ ಮೂವರ ಮಾತುಗಳೂ ಬೇರೆ ಬೇರೆಯಾಗಿದ್ದರೂ ಮೂವರೂ ಕಣ್ಣಿಟ್ಟದ್ದು ಕುಡಿಯುವವನ ಮೇಲೆ. ಕುಡಿಯುವ ವಸ್ತುವಿನ ಹೆಸರಿನ ಮೇಲಲ್ಲ.

ಇನ್ನು ಸಿದ್ಧಾಂತ. ಸೀಸೆಯ ಚೀಟಿಯನ್ನು ಕಿತ್ತುಹಾಕಿ, "ಬೀರು ತಾನೇ" ಎಂಬ ಚೀಟಿಯನ್ನೂ ಕಿತ್ತುಹಾಕಿ, ರಸಿಕನೆಂಬ ಚೀಟಿಯನ್ನೂ ಕಿತ್ತುಹಾಕಿದ ಮೇಲೆ ಆ ತರುಣನ ಇಷ್ಟದಲ್ಲಿ ಉಳಿಯುವುದೇನು? ಉಳಿಯುವುದು ಶನಿವಾರದ ಸಂಜೆ. ವಾರವೆಲ್ಲ ಯಂತ್ರದ ಮುಂದೆ ನಿಂತ ಕಾಲುಗಳಿಗೆ ವಿಶ್ರಾಂತಿ. ಮೇಲಧಿಕಾರಿಯ ಮುಂದೆ ನುಂಗಿಕೊಂಡ ಮಾತನ್ನು ಗೆಳೆಯನ ಮುಂದೆ ಆಡಿಬಿಡುವ ನಿರಾಳ. ತನ್ನನ್ನು ಹೆಸರು ಹಿಡಿದು ಕರೆಯುವ ನಾಲ್ಕು ಜನ. ಜಿ. ಪಿ. ರಾಜರತ್ನಂ ಅವರು 'ರತ್ನನ ಪದಗಳು' ಎಂಬ ಕೃತಿಯಲ್ಲಿ ಒಬ್ಬ ಹೆಂಡಗುಡುಕನನ್ನು ಹಾಡಲು ಬಿಟ್ಟಾಗ ಕನ್ನಡನಾಡು ಅವನನ್ನು ಮೆಚ್ಚಿದ್ದು ಹೆಂಡಕ್ಕಾಗಿ ಅಲ್ಲ; ಅವನ ಹೆಂಡತಿಯ ಮೇಲಿನ ಪ್ರೀತಿ, ಭಾಷೆಯ ಮೇಲಿನ ಅಭಿಮಾನ, ಕಪಟವಿಲ್ಲದ ಮನಸ್ಸು ಇವುಗಳಿಗಾಗಿ. ಬರೆದ ಕವಿಯಾದರೋ ಕುಡಿಯುವವರಲ್ಲ. ಹಾಗೆಯೇ ಈ ತರುಣನು ನಿಜವಾಗಿ ಇಷ್ಟಪಡುವುದು ಸೀಸೆಯಲ್ಲಿಲ್ಲ. ಸ್ನೇಹದ ಮಾಧುರ್ಯವನ್ನು ಸೀಸೆಯ ಮೇಲೆ ಆರೋಪಿಸಿ, ಹಗ್ಗದಲ್ಲಿ ಹಾವನ್ನು ಕಂಡವನಂತೆ, ಅವನು ಒಂದರಲ್ಲಿ ಮತ್ತೊಂದನ್ನು ಕಾಣುತ್ತಿದ್ದಾನೆ. ಭೇದವಿಷ್ಟೇ: ಹಗ್ಗವನ್ನು ಹಾವೆಂದು ಕಂಡವನು ಹಿಂದೆ ಸರಿದು ಉಳಿದುಕೊಳ್ಳುತ್ತಾನೆ, ಹಾವನ್ನು ಹಗ್ಗವೆಂದು ಕಂಡವನು ಕೈಚಾಚುತ್ತಾನೆ.

ಆದಕಾರಣ ಇಷ್ಟದ ಸ್ವಾತಂತ್ರ್ಯಕ್ಕೆ ಒಂದೇ ಪರೀಕ್ಷೆಯುಂಟು. ಅದು ಯಾವುದನ್ನು ಆರಿಸಿಕೊಂಡನೆಂಬುದಲ್ಲ. "ಈ ದಿನ ಬೇಡ" ಎಂದು ಹೇಳಬಲ್ಲನೇ ಎಂಬುದು. ಅದೇ ಮೇಜಿನ ಬಳಿ, ಅದೇ ಗೆಳೆಯರ ನಡುವೆ, ನಗೆಚಾಟಿಕೆಗೆ ಕುಗ್ಗದೆ, ತಾನು ಬಿಟ್ಟೆನೆಂದು ಹಿಗ್ಗದೆ, ಒಂದು ಲೋಟ ಮಜ್ಜಿಗೆಯೊಡನೆ ಅಷ್ಟೇ ಸಂತೋಷದಿಂದ ಕುಳಿತು ಎದ್ದುಬರಬಲ್ಲನಾದರೆ ಅವನ ಇಷ್ಟವು ಅವನ ಕೈಯಲ್ಲಿದೆ. ಹಾಗೆ ಕೂರಲಾರನಾದರೆ, ಅಥವಾ ಗೆಳೆಯರು ಅವನನ್ನು ಹಾಗೆ ಕೂರಗೊಡದಿದ್ದರೆ, ಅವನು "ಮಾಮೂಲಿ" ಎಂದದ್ದು ತನ್ನ ರುಚಿಯನ್ನಲ್ಲ, ತನ್ನ ಕಟ್ಟನ್ನು. ಪ್ರೇಯಸ್ಸು ಶ್ರೇಯಸ್ಸುಗಳೆರಡೂ ಮನುಷ್ಯನ ಮುಂದೆ ಬಂದು ನಿಲ್ಲುತ್ತವೆ, ಧೀರನು ಅವೆರಡನ್ನೂ ವಿಂಗಡಿಸಿ ನೋಡುತ್ತಾನೆ ಎಂದು ಯಮನು ನಚಿಕೇತನಿಗೆ ಉಪದೇಶಿಸಿದನೆಂದು ಕಠೋಪನಿಷತ್ತು ಹೇಳುತ್ತದೆ. ಅಲ್ಲಿ ಮುಖ್ಯವಾದದ್ದು ವಿಂಗಡಿಸುವ ಕ್ರಿಯೆ. ವಿಂಗಡಿಸುವುದಕ್ಕೆ ಒಂದು ಕ್ಷಣ ನಿಲ್ಲಬೇಕು. "ಮಾಮೂಲಿ" ಎಂಬ ಮಾತು ಆ ನಿಲುಗಡೆಯನ್ನೇ ಅಳಿಸಿಹಾಕುತ್ತದೆ.

ನಿಲ್ಲುವುದೆಂದರೇನೆಂಬುದನ್ನು ಈ ಸೀಮೆಯವರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಕಪಿಲೆಯ ದಡದ ಆ ಊರಿನ ಹೆಸರೇ ನಂಜುಂಡವನ ನೆಲೆಯೆಂಬ ಅರ್ಥವುಳ್ಳದ್ದು. ಕ್ಷೀರಸಾಗರವನ್ನು ಕಡೆದಾಗ ಅಮೃತಕ್ಕೆ ಮೊದಲು ಹಾಲಾಹಲ ಬಂದಿತು. ಅದೇ ಕಡಲಿನಿಂದ ಸುರೆಯ ಅಧಿದೇವತೆಯಾದ ವಾರುಣಿಯೂ ಬಂದಳು. ವಾರುಣಿಯನ್ನು ಬೇಕೆಂದವರು ಇದ್ದರು. ವಿಷವನ್ನು ಬೇಕೆಂದವರು ಯಾರೂ ಇರಲಿಲ್ಲ. ಶಿವನು ಅದನ್ನು ಲೋಕಕ್ಕಾಗಿ ತೆಗೆದುಕೊಂಡು, ಒಳಗೂ ಬಿಡದೆ ಹೊರಗೂ ಉಗುಳದೆ ಕಂಠದಲ್ಲಿ ನಿಲ್ಲಿಸಿ ಶ್ರೀಕಂಠನಾದನು. ಟೀಪು ಸುಲ್ತಾನನು ತನ್ನ ಆನೆಯ ಕಣ್ಣು ವಾಸಿಯಾದುದಕ್ಕಾಗಿ ಈ ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂಬ ಐತಿಹ್ಯವು ನಂಜನಗೂಡಿನಲ್ಲಿ ಮನೆಮಾತಾಗಿದೆ. ನುಂಗುವುದಕ್ಕೂ ಉಗುಳುವುದಕ್ಕೂ ನಡುವೆ ಹಿಡಿದು ನಿಲ್ಲಿಸುವ ಶಕ್ತಿಯುಳ್ಳವನನ್ನು ಜನರು ವೈದ್ಯನೆಂದು ಕರೆದದ್ದು ಅರ್ಥವತ್ತಾಗಿದೆ. ಮನುಷ್ಯನಿಗೆ ಹಾಲಾಹಲವನ್ನು ಹಿಡಿಯುವ ಕಂಠವಿಲ್ಲ. ಆದರೆ ಒಂದು ಆಸೆಯನ್ನು ಒಂದು ಗಳಿಗೆಯ ಕಾಲ ಹಿಡಿದು ನಿಲ್ಲಿಸಿ, ಇದು ಯಾರದು, ಎಲ್ಲಿಂದ ಬಂದಿತು, ಇದರ ಬೆಲೆಯನ್ನು ಮನೆಯಲ್ಲಿ ಯಾರು ತೆರುತ್ತಾರೆ ಎಂದು ನೋಡುವಷ್ಟು ಕಂಠ ಎಲ್ಲರಿಗೂ ಇದೆ.

ಈ ಪರೀಕ್ಷೆಯಲ್ಲಿ ಹಿರಿಯರಿಗೂ ಪಾಲುಂಟು. ಭಾರತದ ಸಂವಿಧಾನದ 47ನೆಯ ಅನುಚ್ಛೇದವು ಮದ್ಯನಿಷೇಧವನ್ನು ರಾಜ್ಯದ ಕರ್ತವ್ಯಗಳಲ್ಲಿ ಸೇರಿಸಿದೆ. ಮೈಸೂರು ರಾಜ್ಯದಲ್ಲಿ ನಿಷೇಧವು ಕೆಲಕಾಲವಿದ್ದು 1967ರಲ್ಲಿ ತೆಗೆಯಲ್ಪಟ್ಟಿತು. ಇದೇ ನಂಜನಗೂಡು ತಾಲ್ಲೂಕಿನ ತಗಡೂರಿನಲ್ಲಿಯೂ ಬದನವಾಳಿನಲ್ಲಿಯೂ ಗಾಂಧೀಯುಗದಲ್ಲಿ ಖಾದಿಯ ಕೇಂದ್ರಗಳು ನಡೆದುವು. ಅಲ್ಲಿ ನೂಲುವುದೂ ಕೂಡಿ ಕುಳಿತು ಮಾಡುವ ಕೆಲಸವಾಗಿತ್ತು. ಕಾನೂನು ಬಂದು ಹೋಗುತ್ತದೆ; ಜನರು ಕೂಡಿ ಕುಳಿತುಕೊಳ್ಳುವ ಅವಶ್ಯಕತೆ ಮಾತ್ರ ಹೋಗುವುದಿಲ್ಲ. ಭಜನೆಯ ಮನೆ, ಗರಡಿ, ನಾಟಕದ ಚಪ್ಪರ, ಅರಳಿಕಟ್ಟೆ ಇವು ಒಂದೊಂದಾಗಿ ಬರಿದಾದ ಊರಿನಲ್ಲಿ ತರುಣರು ಕೂರಲು ಉಳಿದದ್ದು ಆ ಮೇಜೊಂದೇ ಆದರೆ, ದೋಷವನ್ನೆಲ್ಲ ಅವರ ನಾಲಗೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಮಗನು ಮನೆಗೆ ಬಂದಾಗ ಬಾಯಿಯ ವಾಸನೆಯನ್ನು ನೋಡುವ ತಂದ��ಯು, ಅವನು ಹೊರಡುವ ಮೊದಲು ಅವನೊಡನೆ ಅರ್ಧ ಗಳಿಗೆ ಕುಳಿತು ಮಾತನಾಡಿದ್ದನೇ ಎಂಬುದನ್ನೂ ನೋಡಿಕೊಳ್ಳಬೇಕು.

ನಂಜನಗೂಡನ್ನು ದಾಟಿದ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ತನ್ನ ಹೆಸರಿಲ್ಲ. ಆದರೆ ನೀರು ಇದೆ, ಗದ್ದೆಗಳಿಗೆ ಹರಿಯುತ್ತದೆ, ಬಾಯಾರಿದವರ ದಾಹವನ್ನು ತಣಿಸುತ್ತದೆ. ಮೇಲಿನ ಊರಿನವರು ಹೊಳೆಗೆ ಏನನ್ನು ಬಿಡುತ್ತಾರೋ ಅದು ಕೆಳಗಿನ ಊರಿನವರ ಪಾಲಿಗೆ ಬರುತ್ತದೆ. ತಂದೆಯ ಕಾಲದ ಅಭ್ಯಾಸವು ಮಗನ ಕಾಲಕ್ಕೆ ಹರಿದುಬರುವುದೂ ಹಾಗೆಯೇ. ಸಂಗಮದಲ್ಲಿ ಮಿಂದು ಬರುವವರು ಅನೇಕರು. ಅವರಲ್ಲಿ ಒಬ್ಬ ತರುಣನಾದರೂ ಮುಂದಿನ ಶನಿವಾರ ಅಂಗಡಿಯವನು "ಯಾವುದು ಕೊಡಲಿ?" ಎಂದು ಕೇಳಿದಾಗ ಕೂಡಲೇ ಉತ್ತರ ಕೊಡದೆ ಒಂದು ಕ್ಷಣ ಸುಮ್ಮನಿದ್ದರೆ, ಆ ಮೌನದಿಂದಲೇ ಅವನ ಸ್ವಂತ ರುಚಿಯು ಆರಂಭವಾದೀತು.